ನೋಟದ ಋಣ

ನೋಡುವುದರಿಂದ ನೋಡಿಸಿಕೊಂಡ ವಸ್ತುವಿಗೆ ನಷ್ಟವಿಲ್ಲವೆಂಬುದು ಲೋಕದ ಸಾಮಾನ್ಯ ನಂಬಿಕೆ. ಹೂವನ್ನು ಕೊಯ್ದರೆ ಗಿಡ ಬರಿದಾಗುತ್ತದೆ. ಹಣ್ಣನ್ನು ತಿಂದರೆ ಕೊಂಬೆ ಹಗುರವಾಗುತ್ತದೆ. ಆದರೆ ಹೂವನ್ನು ನೂರು ಜನ ನೋಡಿಹೋದರೂ ಅದರ ಒಂದು ಎಸಳೂ ಕಡಮೆಯಾಗುವುದಿಲ್ಲ. ಚಂದ್ರನನ್ನು ಕೋಟಿ ಕಣ್ಣುಗಳು ಕಂಡರೂ ಬೆಳುದಿಂಗಳು ಸವೆಯುವುದಿಲ್ಲ. ಆದಕಾರಣ ಮನುಷ್ಯನ ಭೋಗಗಳಲ್ಲೆಲ್ಲ ನಿರಪರಾಧವಾದುದು ಕಣ್ಣಿನ ಭೋಗವೆಂದು ನಾವು ತಿಳಿದಿದ್ದೇವೆ. ಈ ತಿಳಿವಳಿಕೆ ಎಷ್ಟರಮಟ್ಟಿಗೆ ನಿಜವೆಂಬುದನ್ನು ವಿಚಾರಮಾಡುವ ಸಂದರ್ಭವೊಂದು ಈಚೆಗೆ ನನಗೆ ಒದಗಿತು.

ನಮ್ಮ ಮಿತ್ರರೊಬ್ಬರ ಮಗಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವಳು. ಸಮುದ್ರದೊಳಗೆ ಮುಳುಗಿ ನೋಡುವ ಸ್ಕೂಬಾ ಡೈವಿಂಗ್ ಎಂಬ ವಿದ್ಯೆಯನ್ನು ಕಲಿತು, ಈ ಸಲದ ರಜೆಯಲ್ಲಿ ಇಂಡೋನೇಷ್ಯಾ ದೇಶದ ಪೂರ್ವದ ಅಂಚಿನಲ್ಲಿರುವ ರಾಜಾ ಅಂಪತ್ ದ್ವೀಪಗಳಿಗೆ ಹೋಗಿ ಹತ್ತು ದಿನವಿದ್ದು ಬಂದಳು. ಊರಿಗೆ ಬಂದ ಸಂಜೆ ನಾವೆಲ್ಲ ಜಗಲಿಯಲ್ಲಿ ಕುಳಿತು ಆಕೆಯ ವರ್ಣನೆಯನ್ನು ಕೇಳುತ್ತಿದ್ದೆವು. ಎಂಬತ್ತು ದಾಟಿದ ಅವಳ ಅಜ್ಜಿ ನಡುವೆ ಕೇಳಿದರು: "ಅಷ್ಟು ದೂರ ಹೋಗಿದ್ದೆಯಲ್ಲ ಮಗಾ, ಏನು ತಂದೆ?"

"ಏನೂ ತರಲಿಲ್ಲ ಅಜ್ಜಿ. ಅಲ್ಲಿ ಒಂದು ಚಿಪ್ಪನ್ನು ಕೂಡ ಎತ್ತಿಕೊಳ್ಳಕೂಡದು. ಕಣ್ತುಂಬ ನೋಡಿಕೊಂಡು ಬಂದೆ, ಅಷ್ಟೆ."

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಕಣ್ತುಂಬ ಕೊಟ್ಟರು, ನೀನೇನು ಕೊಟ್ಟುಬಂದೆ?" ಎಂದರು.

"ದುಡ್ಡು ಕೊಟ್ಟೆನಲ್ಲ, ಬೇಕಾದಷ್ಟು."

"ದುಡ್ಡು ಊಟಕ್ಕೂ ವಸತಿಗೂ ಆಯಿತು. ನೋಡಿದ್ದಕ್ಕೆ?"

ಎಲ್ಲರೂ ನಕ್ಕರು, ಮಾತು ಬೇರೆ ಕಡೆಗೆ ತಿರುಗಿತು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನೋಟಕ್ಕೂ ಋಣವುಂಟೆ? ಉಂಟಾದರೆ ಅದನ್ನು ತೀರಿಸುವ ಬಗೆ ಯಾವುದು?

ಮೊದಲು ಆ ಸ್ಥಳದ ವಿಚಾರವನ್ನು ಸ್ವಲ್ಪ ತಿಳಿದುಕೊಳ್ಳುವುದು ಯುಕ್ತ. ರಾಜಾ ಅಂಪತ್ ಎಂದರೆ ಆ ನಾಡಿನ ಮಾತಿನಲ್ಲಿ ನಾಲ್ವರು ರಾಜರು ಎಂದರ್ಥ. ವೈಗಿಯೋ, ಬತಾಂತ, ಸಲವತಿ, ಮಿಸೂಲ್ ಎಂಬ ನಾಲ್ಕು ದೊಡ್ಡ ದ್ವೀಪಗಳೂ ಅವುಗಳ ಸುತ್ತ ಚೆಲ್ಲಿದಂತಿರುವ ಸಾವಿರದ ಐನೂರಕ್ಕೂ ಹೆಚ್ಚು ಕಿರುದ್ವೀಪಗಳೂ ಸೇರಿ ಈ ಹೆಸರನ್ನು ಪಡೆದಿವೆ. 2022ರಲ್ಲಿ ಹೊಸದಾಗಿ ಏರ್ಪಟ್ಟ ನೈಋತ್ಯ ಪಾಪುವಾ ಪ್ರಾಂತಕ್ಕೆ ಇವು ಸೇರಿವೆ. ಜಕಾರ್ತದಿಂದ ವಿಮಾನದಲ್ಲಿ ಸೊರೊಂಗ್ ಪಟ್ಟಣಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನಾಲ್ಕು ಗಂಟೆಯ ಕಾಲ ಸಾಗಿದರೆ ಮಿಸೂಲಿನ ಬಳಿಯ ಪುಟ್ಟ ದ್ವೀಪವೊಂದರಲ್ಲಿ ಆಕೆ ತಂಗಿದ್ದ ರೆಸಾರ್ಟು ಸಿಕ್ಕುತ್ತದೆ. ಊರಿಲ್ಲ, ರಸ್ತೆಯಿಲ್ಲ, ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಕೆಲವು ಮರದ ಮನೆಗಳು ಮಾತ್ರ.

ಇಷ್ಟು ಶ್ರಮಪಟ್ಟು ಹೋಗುವವರು ಕಾಣುವುದು ನೀರಿನ ಕೆಳಗಿನ ಲೋಕವನ್ನು. ಪ್ರಪಂಚದಲ್ಲಿ ಗೊತ್ತಿರುವ ಗಟ್ಟಿ ಹವಳದ ಜಾತಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಈ ಒಂದು ಪ್ರದೇಶದಲ್ಲಿಯೇ ಇವೆ. ಜೆರಾಲ್ಡ್ ಆಲನ್ ಎಂಬ ಮತ್ಸ್ಯಶಾಸ್ತ್ರಜ್ಞರು 2012ರಲ್ಲಿ ಇಲ್ಲಿಯ ಕ್ರಿ ದ್ವೀಪದ ಬಳಿ ಒಂದೇ ಸಲದ ಮುಳುಗಿನಲ್ಲಿ 374 ಜಾತಿಯ ಮೀನುಗಳನ್ನು ಎಣಿಸಿದರು. ಭೂಮಿಯ ಮೇಲೆ ಯಾವ ಕಾಡಿನಲ್ಲಿಯೇ ಆಗಲಿ, ಒಂದು ಗಂಟೆ ನಡೆದವನು ಅಷ್ಟು ಜಾತಿಯ ಹಕ್ಕಿಗಳನ್ನೊ ಮೃಗಗಳನ್ನೊ ಕಾಣುವನೆಂದು ಊಹಿಸಲೂ ಆಗದು.

ಈ ದ್ವೀಪಗಳಿಗೆ ಚೆಲುವನ್ನು ಅರಸಿ ಬಂದವರಲ್ಲಿ ಹಿರಿಯನೊಬ್ಬನನ್ನು ಇಲ್ಲಿ ನೆನೆಯಬೇಕು. ಆಲ್‌ಫ್ರೆಡ್ ರಸೆಲ್ ವಾಲೇಸನೆಂಬ ಆಂಗ್ಲ ಪ್ರಕೃತಿವಿಜ್ಞಾನಿ 1860ರಲ್ಲಿ ವೈಗಿಯೋ ದ್ವೀಪದಲ್ಲಿ ಕೆಲಕಾಲ ತಂಗಿ ಸ್ವರ್ಗಪಕ್ಷಿಗಳನ್ನು ಸಂಗ್ರಹಿಸಿದನು. ಅದಕ್ಕೆ ಮೂರು ವರ್ಷ ಮೊದಲು, ಅರು ದ್ವೀಪಗಳಲ್ಲಿ, ಮಾಣಿಕ್ಯದಂತೆ ಕೆಂಪಗಿರುವ ಒಂದು ಪುಟ್ಟ ಸ್ವರ್ಗಪಕ್ಷಿಯನ್ನು ಕೈಯಲ್ಲಿ ಹಿಡಿದಾಗ ಅವನಿಗೆ ಸಂತೋಷದೊಡನೆಯೇ ಒಂದು ವಿಷಾದ ಹುಟ್ಟಿತು. ಈ ಚೆಲುವು ಎಷ್ಟೋ ಯುಗಗಳಿಂದ ಮೆಚ್ಚುವ ಕಣ್ಣಿಲ್ಲದೆ ಕಾಡಿನಲ್ಲಿ ಕಳೆದುಹೋಗಿದೆ. ಮೆಚ್ಚಬಲ್ಲ ನಾಗರಿಕ ಮನುಷ್ಯ ಇಲ್ಲಿಗೆ ಕಾಲಿಟ್ಟನೆಂದರೆ, ಅವನು ಮೆಚ್ಚಿದ ವಸ್ತುವೇ ಅವನಿಂದ ನಾಶವಾಗುವುದು. ಹಾಗಾದ ಮೇಲೆ ಸೃಷ್ಟಿಯ ಚೆಲುವೆಲ್ಲ ಮನುಷ್ಯನಿಗಾಗಿಯೇ ಉಂಟಾದುದೆಂಬ ಮಾತು ಸುಳ್ಳೆಂದು ಅವನಿಗೆ ತೋರಿತು. ಹೀಗೆ ಚಿಂತಿಸಿದವನು ಆ ಹಕ್ಕಿಯ ಚರ್ಮವನ್ನು ಸುಲಿದು ಪೆಟ್ಟಿಗೆಯಲ್ಲಿಟ್ಟು ಸ್ವದೇಶಕ್ಕೆ ಕಳುಹಿಸಿದವನೂ ಹೌದು. ಮೆಚ್ಚುಗೆ, ನಾಶ, ಪಶ್ಚಾತ್ತಾಪ ಈ ಮೂರೂ ಒಂದೇ ಕೈಯಲ್ಲಿ ಹೇಗೆ ಕೂಡಿರಬಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ವಾಲೇಸನ ಕಾಲದ ಸಂಗ್ರಾಹಕನು ನೋಡುವುದಕ್ಕಾಗಿ ಕೊಲ್ಲಬೇಕಾಗಿದ್ದಿತು. ಈಗಿನ ಮುಳುಗುಗಾರನು ಹಾಗಲ್ಲ. 1943ರಲ್ಲಿ ಫ್ರಾನ್ಸಿನ ಕೂಸ್ತೋ ಮತ್ತು ಗಾನ್ಯಾ ಎಂಬಿಬ್ಬರು, ಬೆನ್ನಿಗೆ ಕಟ್ಟಿದ ಉರುಳೆಯಿಂದ ನೀರಿನ ಒತ್ತಡಕ್ಕೆ ಸರಿಯಾಗಿ ಗಾಳಿಯನ್ನು ಒದಗಿಸುವ ಉಪಕರಣವೊಂದನ್ನು ರೂಪಿಸಿದರು. ಅಂದಿನಿಂದ ಮನುಷ್ಯನು ಹಗ್ಗ ಕೊಳವೆಗಳ ಹಂಗಿಲ್ಲದೆ ಮೀನಿನಂತೆ ತೇಲುತ್ತ ಸಮುದ್ರದೊಳಗೆ ಸಂಚರಿಸಲು ಸಾಧ್ಯವಾಯಿತು. ಈ ವಿದ್ಯೆಯ ನಿಯಮಗಳನ್ನು ಆ ಹುಡುಗಿಯ ಬಾಯಿಂದ ಕೇಳಿದಾಗ, ಇವು ಯಾವುದೋ ಆಶ್ರಮದ ನಿಯಮಗಳಂತಿವೆಯೆಂದು ನನಗೆ ತೋರಿತು. ಮಾತಾಡಲಾಗದು, ಕೈಸನ್ನೆಯೇ ಭಾಷೆ. ಒಂಟಿಯಾಗಿ ಇಳಿಯಕೂಡದು, ಜೊತೆಗಾರನ ಪ್ರಾಣಕ್ಕೆ ನೀನು ಹೊಣೆ, ನಿನ್ನ ಪ್ರಾಣಕ್ಕೆ ಅವನು ಹೊಣೆ. ಆತುರಪಡಕೂಡದು; ಆತುರಪಟ್ಟವನ ಗಾಳಿ ಬೇಗ ಮುಗಿಯುತ್ತದೆ. ಉಸಿರನ್ನು ಎಂದಿಗೂ ಹಿಡಿದಿಟ್ಟುಕೊಳ್ಳಕೂಡದು. ಹತ್ತು ಮೀಟರಿನ ಆಳದಲ್ಲಿ ಗಾಳಿಯ ಒತ್ತಡ ಮೇಲಿನದಕ್ಕಿಂತ ಎರಡರಷ್ಟಿರುವುದರಿಂದ, ಉಸಿರು ಕಟ್ಟಿಕೊಂಡು ಮೇಲೇಳುವವನ ಶ್ವಾಸಕೋಶ ಹಿಗ್ಗಿ ಹರಿದೀತು. ಮತ್ತು ಯಾವುದನ್ನೂ ಮುಟ್ಟಕೂಡದು.

ಈ ಕೊನೆಯ ನಿಯಮಕ್ಕೆ ಕಾರಣವುಂಟು. ಹವಳವೆಂದರೆ ನಮ್ಮ ಹೆಂಗಸರ ಕೊರಳಿನ ಕೆಂಪು ಮಣಿಯೆಂದು ಮಾತ್ರ ತಿಳಿದವರಿಗೆ, ಅದೊಂದು ಪ್ರಾಣಿಯೆಂದರೆ ಆಶ್ಚರ್ಯವಾದೀತು. ಸಾಸುವೆಯಷ್ಟು, ಕಡಲೆಯಷ್ಟು ಗಾತ್ರದ ಅಸಂಖ್ಯ ಜೀವಿಗಳು ಒಂದಕ್ಕೊಂದು ಅಂಟಿ ಬಾಳುತ್ತ, ತಮ್ಮ ಕೆಳಗೆ ಸುಣ್ಣದ ಗೂಡನ್ನು ಕಟ್ಟುತ್ತ ಹೋಗುತ್ತವೆ. ಗುಂಡುಬಂಡೆಯಂತೆ ಬೆಳೆಯುವ ಹವಳವು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಏರುತ್ತದೆ. ಆಳೆತ್ತರದ ಬಂಡೆಯೊಂದು ನಮ್ಮ ಮುತ್ತಜ್ಜನಿಗಿಂತ ಹಳೆಯದು. ಕವಲೊಡೆದು ಬೆಳೆಯುವ ಹವಳದ ಕೊಂಬೆಯೊಂದು ಕಾಲಿನ ರೆಕ್ಕೆಯ ಒಂದು ಒದೆತಕ್ಕೆ ಮುರಿದೀತು. ಇಂತಹ ಹವಳದ ದಿಬ್ಬಗಳು ಸಮುದ್ರತಳದ ಶೇಕಡ 1ಕ್ಕಿಂತ ಕಡಮೆ ಸ್ಥಳವನ್ನು ಆಕ್ರಮಿಸಿದ್ದರೂ, ಸಮುದ್ರದ ಜೀವಜಾತಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಪಾಲಿಗೆ ಆಶ್ರಯ ಕೊಟ್ಟಿವೆ.

ಇಷ್ಟು ಎಚ್ಚರದಿಂದ, ಏನನ್ನೂ ಮುಟ್ಟದೆ, ಏನನ್ನೂ ಕೀಳದೆ, ಮೌನವಾಗಿ ನೋಡಿ ಬರುವವನ ಮೇಲೆ ಯಾವ ಋಣವನ್ನು ಹೊರಿಸಬಹುದು? ಅಷ್ಟೇ ಅಲ್ಲ, ನೋಡುವವನು ಬಂದುದರಿಂದಲೇ ನೋಟ ಉಳಿಯಿತೆಂದು ವಾದಿಸುವುದಕ್ಕೂ ಅವಕಾಶವಿದೆ. ಮಿಸೂಲಿನ ಕಥೆಯೇ ಇದಕ್ಕೆ ಆಧಾರ. ಈಗ ರೆಸಾರ್ಟು ಇರುವ ದ್ವೀಪದಲ್ಲಿ ಹಿಂದೆ ಶಾರ್ಕ್ ಮೀನುಗಳ ರೆಕ್ಕೆಯನ್ನು ಕತ್ತರಿಸುವವರ ಬಿಡಾರವಿದ್ದಿತು. ರೆಕ್ಕೆ ಮಾರಾಟಕ್ಕೆ, ಮಿಕ್ಕ ಒಡಲು ಅನೇಕ ವೇಳೆ ಸಮುದ್ರದ ಪಾಲು. 2005ರಲ್ಲಿ ಇಲ್ಲಿಗೆ ಬಂದ ದಂಪತಿಗಳು ಸುತ್ತಣ ಹಳ್ಳಿಯವರೊಡನೆ ಒಪ್ಪಂದ ಮಾಡಿಕೊಂಡು, ದ್ವೀಪವನ್ನು ಗೇಣಿಗೆ ಪಡೆದು, ಸುತ್ತಲ ನೀರಿನಲ್ಲಿ ಮೀನು ಹಿಡಿಯದಂತೆ ಕಟ್ಟುಮಾಡಿದರು. ಬಿದ್ದ ಮರ, ತೇಲಿಬಂದ ಮರಗಳಿಂದ ಮನೆಗಳನ್ನು ಕಟ್ಟಿದರು. ಹಳ್ಳಿಗಳ ಯುವಕರೇ ದೋಣಿಗಳಲ್ಲಿ ಕಾವಲು ತಿರುಗುತ್ತಾರೆ. ಹೀಗೆ ಕಾಯುವ ನೀರಿನ ವಿಸ್ತಾರ ಈಗ ಸುಮಾರು 1,220 ಚದರ ಕಿಲೋಮೀಟರ್. 2007ರಿಂದ 2013ರವರೆಗಿನ ಆರು ವರ್ಷಗಳಲ್ಲಿ ಅಲ್ಲಿಯ ಮೀನಿನ ಒಟ್ಟು ತೂಕ ಸರಾಸರಿ ಶೇಕಡ 250ರಷ್ಟು ಹೆಚ್ಚಿತೆಂದು ಎಣಿಕೆ ಮಾಡಿದವರು ಹೇಳಿದ್ದಾರೆ. ಕೊಲೆಯ ಅಂಗಳವಾಗಿದ್ದ ನೀರು ಮರಿಗಳು ಬೆಳೆಯುವ ತೊಟ್ಟಿಲಾಯಿತು. ಇದು ಸಾಮಾನ್ಯವಾದ ಪುಣ್ಯವಲ್ಲ.

ಈ ವಾದವನ್ನು ಅಂಕೆಗಳಲ್ಲಿ ನಿರೂಪಿಸಿದವರೂ ಇದ್ದಾರೆ. ಶಾಂತಸಾಗರದ ಪಲಾವು ಎಂಬ ಪುಟ್ಟ ರಾಷ್ಟ್ರ 2009ರಲ್ಲಿ ತನ್ನ ನೀರನ್ನೆಲ್ಲ ಶಾರ್ಕ್‌ಗಳಿಗೆ ಅಭಯಧಾಮವೆಂದು ಘೋಷಿಸಿತು. 2011ರಲ್ಲಿ ಪ್ರಕಟವಾದ ಲೆಕ್ಕವೊಂದರಂತೆ, ಅಲ್ಲಿ ಮುಳುಗುಗಾರರು ನೋಡಲು ಬರುವ ಒಂದು ಶಾರ್ಕ್ ತನ್ನ ಜೀವಮಾನದಲ್ಲಿ ದೇಶಕ್ಕೆ 19 ಲಕ್ಷ ಡಾಲರುಗಳನ್ನು ಗಳಿಸಿಕೊಡುತ್ತದೆ. ಕೊಂದು ಮಾರಿದರೆ ದೊರೆಯುವುದು 108 ಡಾಲರು ಮಾತ್ರ. ಜೀವಂತ ಮೀನು ಸತ್ತ ಮೀನಿಗಿಂತ ಬೆಲೆಯುಳ್ಳದ್ದೆಂದು ವರ್ತಕನ ಭಾಷೆಯಲ್ಲಿಯೇ ತೋರಿಸಿಕೊಟ್ಟುದರಿಂದ ಎಷ್ಟೋ ಕಡೆ ಬಲೆಗಳು ದಡ ಸೇರಿದವು. ಇದನ್ನು ನಾವು ಹೀಗಳೆಯಲಾಗದು. ಉಪದೇಶದಿಂದ ಉಳಿಯದ ಪ್ರಾಣ ಲಾಭದಿಂದ ಉಳಿದರೆ, ಉಳಿದ ಪ್ರಾಣಕ್ಕೆ ಅದರಿಂದ ಕುಂದೇನು?

ಆದರೂ ಇಲ್ಲಿ ಒಂದು ತೊಡಕಿದೆ. ಬೆಲೆಯಿಂದ ಉಳಿದದ್ದು ಬೆಲೆಯಿರುವವರೆಗೆ ಮಾತ್ರ ಉಳಿಯುತ್ತದೆ. 2020ರಲ್ಲಿ ಸಾಂಕ್ರಾಮಿಕ ರೋಗ ಹರಡಿ ಲೋಕದ ವಿಮಾನಗಳೆಲ್ಲ ನಿಂತಾಗ ಇಂತಹ ದ್ವೀಪಗಳಿಗೆ ನೋಡುವವರು ಬರಲಿಲ್ಲ. ಆಗ ಶಾರ್ಕಿನ ಬೆಲೆ ಎಷ್ಟು? ಇಲ್ಲವೆ, ನೋಟಕ್ಕಿಂತ ಹೆಚ್ಚು ಬೆಲೆ ಕೊಡುವವನು ಬಂದರೆ? ಅವನು ಬಂದೇ ಬಂದನು. ರಾಜಾ ಅಂಪತ್ತಿನ ಕೆಲವು ಸಣ್ಣ ದ್ವೀಪಗಳ ಮಣ್ಣಿನಲ್ಲಿ ನಿಕ್ಕಲ್ ಲೋಹವಿದೆ. ಕಲೆ ಹಿಡಿಯದ ಉಕ್ಕಿಗೂ ವಿದ್ಯುತ್ತಿನಿಂದ ಓಡುವ ಮೋಟಾರುಗಳ ಬ್ಯಾಟರಿಗೂ ಅದು ಬೇಕು. ಗುಡ್ಡವನ್ನು ಅಗೆದರೆ ಮಳೆಗೆ ಮಣ್ಣು ಹರಿದು ಹವಳದ ಮೇಲೆ ಕೂರುತ್ತದೆ. ಬೆಳಕಿಲ್ಲದೆ ಹವಳ ಸಾಯುತ್ತದೆ. ಜನರ ಪ್ರತಿಭಟನೆಯ ಮೇಲೆ 2025ರ ಜೂನ್ ತಿಂಗಳಲ್ಲಿ ಇಂಡೋನೇಷ್ಯಾ ಸರ್ಕಾರ ಅಲ್ಲಿಯ ಐದು ಗಣಿ ಪರವಾನಗಿಗಳಲ್ಲಿ ನಾಲ್ಕನ್ನು ರದ್ದುಮಾಡಿತು. ಗಾಗ್ ದ್ವೀಪದ ಒಂದು ಪರವಾನಗಿ ಮಾತ್ರ ರದ್ದಾಗಲಿಲ್ಲ. ಅಂದು ಹವಳದ ಪರವಾಗಿ ಕೂಗಿದವರೆಲ್ಲ ಪ್ರವಾಸಿಗಳ ಹಣವನ್ನು ಮಾತ್ರ ಎಣಿಸಿ ಕೂಗಿದರೆಂದು ನಾನು ನಂಬಲಾರೆ. ಬೆಲೆಯೆಂಬುದು ಊರುಗೋಲು, ಕುಂಟುವವನಿಗೆ ಅದು ಬೇಕು. ಆದರೆ ಊರುಗೋಲನ್ನೇ ಕಾಲೆಂದು ಭ್ರಮಿಸಬಾರದು.

ನೋಟ ನಿರಪರಾಧವೆಂಬ ಮೊದಲಿನ ನಂಬಿಕೆಯನ್ನಾದರೂ ಈಗ ಮತ್ತೆ ಪರೀಕ್ಷಿಸಬೇಕು. ಕಣ್ಣು ತಾನಾಗಿ ಎಲ್ಲಿಗೂ ಹೋಗಲಾರದು. ಅದನ್ನು ದೇಹ ಹೊರಬೇಕು, ದೇಹವನ್ನು ಹಡಗೋ ವಿಮಾನವೋ ಹೊರಬೇಕು. 2017ರ ಮಾರ್ಚಿಯಲ್ಲಿ ಪ್ರವಾಸಿಗಳನ್ನು ಹೊತ್ತ ಕಾಲೆಡೋನಿಯನ್ ಸ್ಕೈ ಎಂಬ ಹಡಗು, ಸ್ವರ್ಗಪಕ್ಷಿಗಳ ನಾಡನ್ನು ತೋರಿಸಿಕೊಂಡು ಮರಳುವಾಗ, ಕ್ರಿ ದ್ವೀಪದ ಬಳಿ ಇಳಿತದ ನೀರಿನಲ್ಲಿ ಹವಳದ ದಿಬ್ಬವನ್ನೇರಿ ನಿಂತಿತು. ಹದಿಮೂರು ಸಾವಿರ ಚದರ ಮೀಟರಿಗೂ ಹೆಚ್ಚಿನ ಹವಳ ನುಚ್ಚುನೂರಾಯಿತು. ಹಡಗಿನಲ್ಲಿದ್ದವರು ಬೇಟೆಗಾರರಲ್ಲ, ಗಣಿಯವರಲ್ಲ; ಹಕ್ಕಿಗಳನ್ನು ದೂರದಿಂದ ನೋಡಿ ಸಂತೋಷಪಡುವ ಸಜ್ಜನರು. ಕಣ್ಣು ಮುಟ್ಟದಿದ್ದರೂ ಕಣ್ಣನ್ನು ಹೊತ್ತ ಹಡಗು ಮುಟ್ಟಿತು.

ಇದು ಆಕಸ್ಮಿಕವೆಂದು ಬಿಡೋಣ. ಆಕಸ್ಮಿಕವಲ್ಲದ್ದೂ ಒಂದುಂಟು. ಸಮುದ್ರದ ನೀರು ಬೇಸಗೆಯ ಎಂದಿನ ಮಿತಿಗಿಂತ ಒಂದು ಡಿಗ್ರಿಯಷ್ಟು ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೆಯೇ ನಿಂತರೆ, ಹವಳದ ಮೈಯೊಳಗಿದ್ದು ಅದಕ್ಕೆ ಅನ್ನ ಒದಗಿಸುವ ಸೂಕ್ಷ್ಮವಾದ ಪಾಚಿ ಹೊರಟುಹೋಗುತ್ತದೆ. ಹವಳ ಬಣ್ಣಗೆಟ್ಟು ಎಲುಬಿನಂತೆ ಬೆಳ್ಳಗಾಗುತ್ತದೆ. ನೀರು ಬೇಗ ತಣಿಯದಿದ್ದರೆ ಹಸಿವಿನಿಂದ ಸಾಯುತ್ತದೆ. 1998, 2010, 2014ರಿಂದ 2017 — ಹೀಗೆ ಮೂರು ಸಲ ಲೋಕವ್ಯಾಪಿಯಾಗಿ ನಡೆದ ಈ ಉತ್ಪಾತ ನಾಲ್ಕನೆಯ ಸಲ ನಡೆಯುತ್ತಿದೆಯೆಂದು ವಿಜ್ಞಾನಿಗಳು 2024ರ ಏಪ್ರಿಲಿನಲ್ಲಿ ಸಾರಿದರು. 2023ರ ಜನವರಿಯಿಂದ 2025ರ ಮಾರ್ಚಿಯವರೆಗೆ ಪ್ರಪಂಚದ ಹವಳದ ದಿಬ್ಬಗಳಲ್ಲಿ ಶೇಕಡ 84ರಷ್ಟು ಭಾಗ ಇಂತಹ ತಾಪಕ್ಕೆ ಗುರಿಯಾಯಿತು. ನಮ್ಮ ಕರಾವಳಿಯಿಂದ ಪಡುವಣಕ್ಕೆ ಹೋದರೆ ಸಿಕ್ಕುವ ಲಕ್ಷದ್ವೀಪದ ಹವಳವೂ 2024ರಲ್ಲಿ ಬಿಳಿಚಿತು. ಈ ತಾಪಕ್ಕೆ ಮೂಲಕಾರಣ ನಾವು ಉರಿಸುವ ಕಲ್ಲಿದ್ದಲು ಮತ್ತು ಎಣ್ಣೆ. ಬೆಂಗಳೂರಿನಿಂದ ಸೊರೊಂಗಿಗೆ ಹೋಗಿಬರುವ ವಿಮಾನಯಾನದಲ್ಲಿ ಒಬ್ಬೊಬ್ಬ ಪ್ರಯಾಣಿಕನ ಪಾಲಿಗೆ ಬೀಳುವ ಇಂಗಾಲಾಮ್ಲದ ತೂಕ ಒಂದು ಟನ್ನನ್ನು ಮೀರುತ್ತದೆ. ಭಾರತದಲ್ಲಿ ತಲೆಯೊಂದಕ್ಕೆ ಇಡೀ ವರ್ಷದ ಸರಾಸರಿಯೇ ಸುಮಾರು ಎರಡು ಟನ್ನು. ಒಂದು ಹವಳವನ್ನೂ ಮುಟ್ಟದೆ ಬಂದೆನೆಂದು ಸಮಾಧಾನಪಡುವವನು, ತನ್ನ ದಾರಿಯಿಂದಲೇ ಎಲ್ಲ ಹವಳಗಳನ್ನೂ ಅಷ್ಟಷ್ಟು ಮುಟ್ಟಿದ್ದಾನೆ.

ಹಾಗಾದರೆ ಮನೆಯಲ್ಲಿ ಕುಳಿತವರೇ ಧನ್ಯರೆಂದು ಹೇಳಬಹುದೆ? ವಾಚಕರು ಅಷ್ಟು ಬೇಗ ಈ ನಿರ್ಣಯಕ್ಕೆ ಬರಬಾರದೆಂದು ನನ್ನ ವಿಜ್ಞಾಪನೆ. ಹವಳವನ್ನು ಬೇಯಿಸುವ ತಾಪ ವಿಮಾನವೊಂದರಿಂದಲೇ ಹುಟ್ಟಿದ್ದಲ್ಲ. ನಮ್ಮ ಮನೆಯ ತಂಪುಯಂತ್ರ, ನಮ್ಮ ಬಾಗಿಲಲ್ಲಿ ನಿಂತ ಕಾರು, ನಮ್ಮ ದೀಪಕ್ಕೆ ವಿದ್ಯುತ್ತನ್ನು ಕಳುಹಿಸುವ ಕಲ್ಲಿದ್ದಲ ಒಲೆ ಇವುಗಳಿಗೂ ಅದರಲ್ಲಿ ಪಾಲುಂಟು. ನಿಕ್ಕಲ್ ಬಳಸಿದ ಉಕ್ಕು ನಮ್ಮ ಅಡಿಗೆಮನೆಗಳಲ್ಲಿಯೂ ಇದೆ. ನೋಡಿ ಬಂದವನಿಗಾದರೂ ತಾನು ಏನನ್ನು ಕಳೆದುಕೊಳ್ಳುತ್ತಿದ್ದೇನೆಂಬ ಅರಿವಿದೆ. ನೋಡದ ನಾವು, ಕಂಡರಿಯದುದನ್ನು ಕಳೆದು, ಕಳೆದೆವೆಂಬುದನ್ನೂ ಅರಿಯದೆ ನಿದ್ದೆಹೋಗುತ್ತೇವೆ. ಋಣ ಇಬ್ಬರಿಗೂ ಉಂಟು. ಅದರ ಪತ್ರ ನೋಡಿದವನ ಕೈಯಲ್ಲಿದೆ, ಅಷ್ಟೇ ಭೇದ.

ನ್ಯಾಯದ ಪ್ರಶ್ನೆಯೂ ಒಂದಿದೆ. ಮಿಸೂಲಿನ ನೀರಿನಲ್ಲಿ ಈಗ ಮೀನು ಹಿಡಿಯುವಂತಿಲ್ಲ, ನೋಡಬಹುದು. ಹಿಡಿಯುತ್ತಿದ್ದವನು ಬಡವ, ನೋಡುವವನು ಒಂದು ವಾರಕ್ಕೆ ಲಕ್ಷಗಳ ಲೆಕ್ಕದಲ್ಲಿ ತೆರಬಲ್ಲವನು. ಬಡವನ ತಟ್ಟೆಯಿಂದ ತೆಗೆದು ಧನಿಕನ ಕಣ್ಣಿಗೆ ಹಬ್ಬ ಮಾಡಿದಂತಾಗಲಿಲ್ಲವೆ? ಆಗಬಹುದಾಗಿತ್ತು. ಆಗದಂತೆ ತಡೆಯುವುದು ಒಂದೇ ಒಂದು ಸಂಗತಿ: ಮುಚ್ಚುವ ಅಧಿಕಾರ ಯಾರದು ಎಂಬುದು. ಆ ದ್ವೀಪಗಳಲ್ಲಿ ಪ್ರವಾಸಿಗಳು ಬರುವುದಕ್ಕೆ ಬಹಳ ಮೊದಲಿನಿಂದ ಸಾಸಿ ಎಂಬ ಕಟ್ಟಳೆಯೊಂದು ನಡೆದುಬಂದಿದೆ. ಊರಿನ ಹಿರಿಯರು ಕೂಡಿ, ಈ ಭಾಗದ ನೀರಿನಲ್ಲಿ ಇಷ್ಟು ಕಾಲ ಇಂತಹ ಜೀವಿಯನ್ನು ಹಿಡಿಯಕೂಡದೆಂದು ಸಾರುತ್ತಾರೆ. ಈಗ ಅಲ್ಲಿಯ ಜನ ಹೆಚ್ಚಾಗಿ ಕ್ರೈಸ್ತರಾಗಿರುವ ಊರುಗಳಲ್ಲಿ ಚರ್ಚಿನಲ್ಲಿ ಪ್ರಾರ್ಥನೆ ನಡೆಸಿ ಅದನ್ನು ಘೋಷಿಸುತ್ತಾರೆ. ಗಡುವು ಮುಗಿದ ಮೇಲೆ ಮತ್ತೆ ಪ್ರಾರ್ಥಿಸಿ ತೆರೆಯುತ್ತಾರೆ; ಬೆಳೆದು ನಿಂತ ಸಮುದ್ರಸೌತೆ, ಸಿಗಡಿ, ಶಂಖಗಳನ್ನು ಹಿತವಾಗಿ ತೆಗೆದುಕೊಳ್ಳುತ್ತಾರೆ. ಮಿಸೂಲಿನ ಕಪತ್ಚೋಲ್ ಎಂಬ ಹಳ್ಳಿಯಲ್ಲಿ ಇಂತಹ ನೀರಿನ ಒಂದು ಪಾಲನ್ನು ಹೆಂಗಸರ ಗುಂಪೇ ಕಾಯುತ್ತದೆ. ಹೊರಗಿನವರು ತಂದ ನಿಷೇಧ ಆ ಜನಕ್ಕೆ ಅರ್ಥವಾದುದು ಅದರ ಬೀಜ ಅವರಲ್ಲಿಯೇ ಇದ್ದುದರಿಂದ.

ನಮಗೂ ಇದು ಹೊಸತಲ್ಲ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ ಕಾಲಿಗೆ ತಗಲುವಷ್ಟು ಹತ್ತಿರ ಬರುವ ಮೀನುಗಳಿಗೆ ಬಲೆ ಬೀಸುವವರಿಲ್ಲ. ಕೊಡಗಿನ ದೇವರಕಾಡುಗಳಲ್ಲಿ ಕೊಡಲಿಯ ಸದ್ದು ಕೇಳಬಾರದೆಂಬುದು ಹಿರಿಯರ ಕಟ್ಟು. ಈ ಮೀನಿನಿಂದ ಊರಿಗೆಷ್ಟು ವರಮಾನವೆಂದು ಯಾರೂ ಮೊದಲು ಲೆಕ್ಕಹಾಕಲಿಲ್ಲ. ಇವು ನಮ್ಮವಲ್ಲವೆಂಬ ಒಂದು ಭಾವನೆ ಕೈಯನ್ನು ತಡೆಯಿತು. ವಾಲೇಸನು ಕಷ್ಟದಿಂದ ಕಂಡುಕೊಂಡ ಮಾತೂ ಇದೇ ಅಲ್ಲವೆ?

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ಬೆಲೆಗೂ ಋಣಕ್ಕೂ ಭೇದವುಂಟು. ಬೆಲೆ ಕೊಟ್ಟೊಡನೆ ಸಂಬಂಧ ಮುಗಿಯುತ್ತದೆ. ಅಂಗಡಿಯವನು ಯಾರೋ, ನಾವು ಯಾರೋ. ಋಣವಾದರೋ ಸಂಬಂಧವನ್ನು ಆರಂಭಿಸುತ್ತದೆ. ಮನುಷ್ಯನು ಹುಟ್ಟುವಾಗಲೇ ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಋಣಿಯೆಂದು ನಮ್ಮ ಪೂರ್ವಿಕರು ಹೇಳಿದರು. ಶತಪಥ ಬ್ರಾಹ್ಮಣವು ಮನುಷ್ಯಋಣವೆಂಬ ನಾಲ್ಕನೆಯದನ್ನೂ ಸೇರಿಸಿದೆ. ಈ ಋಣಗಳ ಒಂದು ವಿಶೇಷವನ್ನು ಗಮನಿಸಬೇಕು. ಇವುಗಳಲ್ಲಿ ಹೆಚ್ಚಿನವನ್ನು ಕೊಟ್ಟವರಿಗೇ ಹಿಂದಿರುಗಿಸಿ ತೀರಿಸಲಾಗದು. ಋಷಿಋಣವನ್ನು ಋಷಿಗಳಿಗೆ ಹಣ ಕಳುಹಿಸಿ ತೀರಿಸುವುದಿಲ್ಲ. ಅವರು ಕಂಡುದನ್ನು ತಾನೂ ಓದಿ ಕಾಪಾಡುವುದರಿಂದ ಅದು ತೀರುತ್ತದೆ. ಪಿತೃಋಣವನ್ನು ತಂದೆಗೆ ಹಿಂದಿರುಗಿಸುವುದಲ್ಲ; ಮಕ್ಕಳನ್ನು ಸಾಕುವುದರಿಂದ ತೀರಿಸುವುದು. ಪಡೆದದ್ದು ಒಂದು ಕಡೆ, ಸಲ್ಲಿಸುವುದು ಮತ್ತೊಂದು ಕಡೆ. ಸಲ್ಲಿಸುವ ಬಗೆ ನಡತೆ.

ನೋಟದ ಋಣವೂ ಇಂತಹುದೇ ಎಂದು ನನ್ನ ಅಭಿಪ್ರಾಯ. ಹವಳಕ್ಕೆ ನಾವು ಏನನ್ನು ಕೊಡಬಲ್ಲೆವು? ಅದಕ್ಕೆ ನಮ್ಮ ಮೆಚ್ಚುಗೆ ಬೇಡ, ಹಣ ಬೇಡ. ನಾವು ಬೇರೆ ಕಡೆ ಮಾಡುವ ಸಂಯಮವೊಂದೇ ಅದಕ್ಕೆ ಮುಟ್ಟುವ ಕಾಣಿಕೆ. ಪಲಾವು ದೇಶದವರು ಇದನ್ನು ಚೆನ್ನಾಗಿ ಅರಿತಿದ್ದಾರೆಂದು ತೋರುತ್ತದೆ. 2017ರ ಕೊನೆಯಿಂದ ಅಲ್ಲಿಗೆ ಹೋಗುವ ಪ್ರತಿಯೊಬ್ಬ ಪ್ರವಾಸಿಯ ಪಾಸ್‌ಪೋರ್ಟಿನಲ್ಲಿ ಒಂದು ಪ್ರತಿಜ್ಞೆಯನ್ನು ಒತ್ತುತ್ತಾರೆ. ಅದಕ್ಕೆ ಆತ ಸಹಿಮಾಡಿದ ಮೇಲೆಯೇ ಪ್ರವೇಶ. ಆ ಪ್ರತಿಜ್ಞೆಯನ್ನು ಮಾಡುವುದು ಸರ್ಕಾರಕ್ಕಲ್ಲ, ಪಲಾವಿನ ಮಕ್ಕಳಿಗೆ. ಆಫ್ರಿಕದ ಜಂಜಿಬಾರಿನ ಬಳಿಯ ಚುಂಬೆ ಎಂಬ ಕಿರುದ್ವೀಪದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಲ್ಲಿ ಅತಿಥಿಗಳ ಸಂಖ್ಯೆ ಬಹಳ ಕಡಮೆ. ನೀರಿನ ಮೇಲೆ ತೇಲುತ್ತ ಹವಳವನ್ನು ನೋಡಬಹುದೇ ಹೊರತು ವಿನೋದಕ್ಕಾಗಿ ಉರುಳೆ ಕಟ್ಟಿಕೊಂಡು ಮುಳುಗುವಂತಿಲ್ಲ. ಬಂದ ಹಣದಲ್ಲಿ ಆ ನಾಡಿನ ಶಾಲೆಯ ಮಕ್ಕಳನ್ನು ಕರೆತಂದು ಅವರ ಸಮುದ್ರವನ್ನು ಅವರಿಗೆ ತೋರಿಸುತ್ತಾರೆ. ನೋಡುವ ಭಾಗ್ಯ ದೂರದಿಂದ ಬಂದವನಿಗೆ ಮೊದಲೋ, ದಡದಲ್ಲಿ ಹುಟ್ಟಿದವನಿಗೆ ಮೊದಲೋ ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ತಿಳಿಯದು.

ಹೋಗಬಾರದೆಂದು ನಾನು ಹೇಳಲಾರೆ. ಕಾಣದುದನ್ನು ಪ್ರೀತಿಸುವುದು ಮಹಾತ್ಮರಿಗೆ ಸಾಧ್ಯ. ನಮ್ಮಂತಹವರಿಗೆ ಪ್ರೀತಿ ಕಣ್ಣಿನಿಂದಲೇ ಒಳಗೆ ಬರಬೇಕು. ಆದರೆ ವರ್ಷವರ್ಷವೂ ಹೊಸ ಸಮುದ್ರವನ್ನು ಹುಡುಕಿಕೊಂಡು ಹಾರುವುದು ಪ್ರೀತಿಯಲ್ಲ, ಚಪಲ. ಜೀವಮಾನದಲ್ಲಿ ಒಮ್ಮೆಯೋ ಎರಡು ಬಾರಿಯೋ ಹೋಗಿ, ನಿಧಾನವಾಗಿದ್ದು, ಮನೆಯವರ ಅನುಮತಿಯ ಎಲ್ಲೆಯನ್ನು ಅತಿಥಿಯಂತೆ ಪಾಲಿಸಿ, ಹಿಂದಿರುಗಿದ ಮೇಲೆ ತನ್ನ ಊರಿನ ಕೆರೆಯನ್ನೊ ಹೊಳೆಯನ್ನೊ ಅದೇ ಕಣ್ಣಿನಿಂದ ನೋಡುವವನು ಋಣವನ್ನು ತೀರಿಸತೊಡಗಿದ್ದಾನೆ. ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳವುಂಟು. ಅಲ್ಲಿಗೂ ಈಗ ಮುಳುಗುಗಾರರು ಹೋಗುತ್ತಾರೆ. ಮಿಸೂಲಿನಲ್ಲಿ ಕೈಕಟ್ಟಿ ತೇಲಿದವರು ನೇತ್ರಾಣಿಯಲ್ಲಿಯೂ ಹಾಗೆಯೇ ತೇಲುವರೊ, ಅದು ನಮ್ಮದೇ ಅಲ್ಲವೆ ಎಂಬ ಸಲಿಗೆಯಿಂದ ಚಿಪ್ಪು ಹೆಕ್ಕುವರೊ ಎಂಬುದರಲ್ಲಿ ಅವರು ಮಿಸೂಲಿನಲ್ಲಿ ನಿಜವಾಗಿ ಏನನ್ನು ಕಂಡರೆಂಬುದು ಗೊತ್ತಾಗುತ್ತದೆ.

ರಾಜನನ್ನೂ ಗುರುವನ್ನೂ ದೇವರನ್ನೂ ಬರಿಗೈಯಲ್ಲಿ ಕಾಣಬಾರದೆಂಬುದು ನಮ್ಮಲ್ಲಿ ಹಳೆಯ ಸಂಪ್ರದಾಯ. ನಾಲ್ವರು ರಾಜರ ಹೆಸರಿನ ಆ ನಾಡನ್ನು ಕಂಡುಬಂದ ಹುಡುಗಿ ಬೆಂಗಳೂರಿಗೆ ಹೊರಡುವ ದಿನ ಅಜ್ಜಿಗೆ ನಮಸ್ಕಾರ ಮಾಡಿ, "ಮುಂದಿನ ವರ್ಷವೂ ಹೋಗೋಣವೆಂದು ಗೆಳತಿಯರು ಟಿಕೇಟು ನೋಡುತ್ತಿದ್ದಾರೆ ಅಜ್ಜಿ. ನೀವು ಹಾಗೆ ಕೇಳಿದ ಮೇಲೆ ನನಗೆ ಮನಸ್ಸು ಹಿಂದೆಗೆಯುತ್ತಿದೆ" ಎಂದಳು.

"ಹೋಗಬೇಡ ಅಂತ ನಾನೆಲ್ಲಿ ಹೇಳಿದೆ ಮಗಾ?" ಎಂದರು ಅಜ್ಜಿ. "ಬರಿಗೈಯ್ಯಲ್ಲಿ ಹೋಗಬೇಡ ಅಂದೆ."